ತೇಲುವ ಎಣ್ಣೆ ಟಿವಿಯಲ್ಲಿ ಕಾಣುತ್ತೆ, ಮುಳುಗಿದ ಎಣ್ಣೆಯ ಲೆಕ್ಕ ಇಡೋರು ಯಾರು?

2025ರ ಮೇ 25ರಂದು ಕೇರಳದ ಆಲಪ್ಪುಳ ತೀರದಿಂದ ಹದಿನೈದು ನಾಟಿಕಲ್ ಮೈಲಿ ದೂರದಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಲೈಬೀರಿಯಾ ಧ್ವಜದ ಹಡಗು ಮುಳುಗಿತು. ಅದರಲ್ಲಿದ್ದ 24 ಸಿಬ್ಬಂದಿಯೂ ಬದುಕಿ ಬಂದರು. ಸುಮಾರು 640 ಕಂಟೇನರ್‌ಗಳು, 84.44 ಟನ್ ಡೀಸೆಲ್, 367.1 ಟನ್ ಫರ್ನೇಸ್ ಆಯಿಲ್ ಕಡಲ ಪಾಲಾದವು. ಮುಂದಿನ ಕೆಲವು ವಾರ ಕೊಲ್ಲಂ, ತಿರುವನಂತಪುರದ ಮರಳಿನ ಮೇಲೆ ಬಿದ್ದ ಕಂಟೇನರ್‌ಗಳು, ಅಕ್ಕಿಕಾಳಿನಂಥ ಬಿಳಿ ಪ್ಲಾಸ್ಟಿಕ್ ಗುಳಿಗೆಗಳು, ಅದನ್ನು ಜರಡಿ ಹಿಡಿದು ಹೆಕ್ಕುವ ಸ್ವಯಂಸೇವಕರು ಎಲ್ಲವೂ ನಮ್ಮ ಮೊಬೈಲ್ ಪರದೆಯಲ್ಲಿ ಬಂದು ಹೋದವು. ಮೀನು ತಿನ್ನೋಕೆ ಜನ ಹೆದರಿದರು. ಕಡಲಿಗಿಳಿಯಲಾಗದ ಮೀನುಗಾರ ಕುಟುಂಬಗಳಿಗೆ ಕೇರಳ ಸರ್ಕಾರ ತಾತ್ಕಾಲಿಕ ನೆರವು ಅಂತ ತಲಾ 1,000 ರೂಪಾಯಿ, 6 ಕೆಜಿ ಅಕ್ಕಿ ಕೊಟ್ಟಿತು. ಆಮೇಲೆ ಸುದ್ದಿ ತಣ್ಣಗಾಯಿತು.

ಆದರೆ ಕೇಸು ಮುಗಿದಿಲ್ಲ. ಕೇರಳ ಸರ್ಕಾರ ಹೈಕೋರ್ಟಿನಲ್ಲಿ ಹೂಡಿದ ದಾವೆಯಲ್ಲಿ ಕೇಳಿರುವ ಪರಿಹಾರ 9,531 ಕೋಟಿ ರೂಪಾಯಿ. ಅದನ್ನು ಬಿಡಿಸಿ ನೋಡಿ. ಮೀನುಗಾರರ ನಷ್ಟಕ್ಕೆ 526 ಕೋಟಿ, ಶುಚಿಗೊಳಿಸುವ ಖರ್ಚಿಗೆ 378 ಕೋಟಿ. ಉಳಿದ 8,626 ಕೋಟಿ ಪರಿಸರಕ್ಕಾದ ಹಾನಿಗೆ. ಅಂದರೆ ಕೇಳಿರುವ ಪ್ರತಿ ಹತ್ತು ರೂಪಾಯಿಯಲ್ಲಿ ಒಂಬತ್ತು ರೂಪಾಯಿ ಯಾವ ಕ್ಯಾಮೆರಾಗೂ ಸಿಗದ ಹಾನಿಯದ್ದು. ಅದೇ ಕಂಪನಿಯ ಇನ್ನೊಂದು ಹಡಗನ್ನು ತಡೆಹಿಡಿದಿದ್ದ ಕೋರ್ಟು, ಸೆಪ್ಟೆಂಬರ್‌ನಲ್ಲಿ ಭದ್ರತೆಯಾಗಿ ಇಡಲು ಹೇಳಿದ ಮೊತ್ತ 1,227.62 ಕೋಟಿ. ಹಡಗು ಕಂಪನಿಯ ವಾದ ನಮಗೆ ಗೊತ್ತಿರುವಂಥದ್ದೇ: ಹಾನಿಯನ್ನು ಉಬ್ಬಿಸಿ ಹೇಳಲಾಗಿದೆ.

ಈ ಜಗಳದ ಮುಖ್ಯ ಸಾಕ್ಷಿ ಬರಿಗಣ್ಣಿಗೆ ಕಾಣದ ಜೀವಿಗಳು, ಪ್ಲಾಂಕ್ಟನ್‌ಗಳು. ಎಣ್ಣೆ ಸೋರಿಕೆಯ ರಾಜಕೀಯ ಅರ್ಥ ಆಗಬೇಕಾದರೆ ಈ ಜೀವಿಗಳು ಎಣ್ಣೆಯನ್ನು ಏನು ಮಾಡುತ್ತವೆ, ಎಣ್ಣೆ ಇವುಗಳನ್ನು ಏನು ಮಾಡುತ್ತೆ ಅನ್ನೋದು ಗೊತ್ತಿರಬೇಕು ಅಂತ ನನಗನಿಸುತ್ತೆ. ಯಾಕಂದ್ರೆ 'ಎಣ್ಣೆ ಮಾಯವಾಯ್ತು' ಅಂತ ಅಧಿಕಾರಿಗಳು ಹೇಳುವ ದಿನವೇ ಅದು ಈ ಜೀವಿಗಳ ಹೊಟ್ಟೆಯೊಳಗೆ ಕೆಲಸ ಶುರು ಮಾಡಿರುತ್ತೆ.

ಕಡಲಿನ ಅಡುಗೆಮನೆ

ನೀರಿನ ಹರಿವಿನೊಂದಿಗೆ ತೇಲಿಕೊಂಡು ಹೋಗುವ ಜೀವಿಗಳಿಗೆಲ್ಲ ಸೇರಿ ಪ್ಲಾಂಕ್ಟನ್ ಅಂತ ಹೆಸರು. ಶಾಲೆಯ ಪಠ್ಯದಲ್ಲಿ ಪ್ಲವಕ ಅಂತ ಓದಿರುತ್ತೀರಿ. ಬಿಸಿಲು ಹೀರಿ ಆಹಾರ ತಯಾರಿಸೋದು ಸಸ್ಯ ಪ್ಲವಕ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇವುಗಳದ್ದೇ. ಅದನ್ನು ತಿಂದು ಬದುಕೋದು ಪ್ರಾಣಿ ಪ್ಲವಕ. ಇದರಲ್ಲಿ ಸಿಗಡಿಯ ದೂರದ ಸಂಬಂಧಿಯಾದ, ಸಾಸಿವೆ ಕಾಳಿಗಿಂತ ಚಿಕ್ಕದಾದ ಕೊಪೆಪಾಡ್‌ಗಳೇ ಹೆಚ್ಚು. ಮೀನಿನ ತೇಲುವ ಮೊಟ್ಟೆ, ಈಗಷ್ಟೇ ಹೊರಬಂದ ಮರಿ, ಏಡಿ-ಸಿಗಡಿಯ ಮರಿಗಳೂ ಬದುಕಿನ ಮೊದಲ ದಿನಗಳಲ್ಲಿ ಪ್ಲಾಂಕ್ಟನ್‌ಗಳೇ.

ಅರಬ್ಬಿ ಸಮುದ್ರದ ನಮ್ಮ ಕಡೆಯಲ್ಲಿ ಈ ಅಡುಗೆಮನೆಗೆ ಒಂದು ಸಮಯ ಇದೆ. ನೈಋತ್ಯ ಮುಂಗಾರು ಬೀಸತೊಡಗಿದಾಗ, ಮೇ ಕೊನೆ-ಜೂನ್ ಹೊತ್ತಿಗೆ, ಕೇರಳದ ದಕ್ಷಿಣ ತುದಿಯಿಂದ ಶುರುವಾಗಿ ಉತ್ತರದ ಕಡೆಗೆ ತಳದ ತಣ್ಣೀರು ಮೇಲೇಳುತ್ತೆ. ಆ ನೀರಿನ ಜತೆ ಪೋಷಕಾಂಶ ಬರುತ್ತೆ, ಡಯಾಟಮ್ ಎಂಬ ಸಸ್ಯ ಪ್ಲವಕ ಕೋಟಿಗಟ್ಟಲೆ ಹುಟ್ಟುತ್ತೆ. ಕರಾವಳಿಯಲ್ಲಿ ಬೂತಾಯಿ, ತಾರ್ಲೆ ಅಂತ ನಾವು ಕರೆಯುವ ಮೀನು ಬದುಕೋದು ಬಹುಪಾಲು ಈ ಡಯಾಟಮ್ ಮತ್ತು ಕೊಪೆಪಾಡ್‌ಗಳ ಮೇಲೆ. ಬಂಗುಡೆಯ ಕಥೆಯೂ ಹೆಚ್ಚುಕಡಿಮೆ ಇದೇ. ಮಳೆಗಾಲದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರೋದು ಇದಕ್ಕೇ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೋಣಿ ಕಟ್ಟಿಹಾಕಿ ಕೂರುವ ಮೀನುಗಾರ, ಕಡಲಿನಲ್ಲಿ ಮರಿ ಬೆಳೆಯಲಿ ಅಂತ ತನ್ನ ದುಡಿಮೆ ಬಿಟ್ಟು ಕಾಯುತ್ತಾನೆ.

ಎಲ್ಸಾ 3 ಮುಳುಗಿದ ತಾರೀಖು ಇನ್ನೊಮ್ಮೆ ನೋಡಿ. ಮೇ 25. ಕಡಲು ಒಲೆ ಹಚ್ಚುವ ಹೊತ್ತಿಗೇ ಅಲ್ಲಿಗೆ ಎಣ್ಣೆ ಬಂದು ಬಿತ್ತು.

ಎಣ್ಣೆ ಹೋಗೋದೆಲ್ಲಿಗೆ?

ಸುದ್ದಿಯಲ್ಲಿ ನಾವು ನೋಡೋದು ನೀರಿನ ಮೇಲಿನ ಕಪ್ಪು ಪದರ. ಅಲೆಗಳ ಹೊಡೆತಕ್ಕೆ ಆ ಪದರ ಒಡೆದು ಹನಿಗಳಾಗುತ್ತೆ. ಕೂದಲೆಳೆಯಷ್ಟು ದಪ್ಪದ, ಅದಕ್ಕಿಂತಲೂ ಸಣ್ಣ ಹನಿಗಳು ಮತ್ತೆ ಮೇಲೆ ಬರದೆ ನೀರಿನೊಳಗೇ ತೇಲಾಡುತ್ತವೆ. ಈ ಗಾತ್ರ ಕೊಪೆಪಾಡ್ ದಿನವೂ ತಿನ್ನುವ ಡಯಾಟಮ್‌ನ ಗಾತ್ರಕ್ಕೆ ಹತ್ತಿರ ಹತ್ತಿರ ಬರುತ್ತೆ. ಹಾಗಾಗಿ ಅದು ಎಣ್ಣೆಯ ಹನಿಯನ್ನೂ ತುತ್ತು ಅಂತಲೇ ನುಂಗುತ್ತೆ.

ಇದು ಹೊಸ ವಿಷಯ ಅಲ್ಲ. 1970ರ ಫೆಬ್ರವರಿಯಲ್ಲಿ ಕೆನಡಾದ ನೋವಾ ಸ್ಕೋಷಿಯಾದ ಚೆಡಬಕ್ಟೊ ಕೊಲ್ಲಿಯಲ್ಲಿ ಆ್ಯರೋ ಎಂಬ ಟ್ಯಾಂಕರ್ ಬಂಡೆಗೆ ಬಡಿದು ಒಡೆಯಿತು. ಅದರಲ್ಲಿದ್ದದ್ದು ಎಲ್ಸಾ 3ರಲ್ಲಿದ್ದಂಥದ್ದೇ ಗಟ್ಟಿ ಇಂಧನ ಎಣ್ಣೆ. ಕಾನೋವರ್ ಎಂಬ ವಿಜ್ಞಾನಿ ಅಲ್ಲಿನ ಕೊಪೆಪಾಡ್‌ಗಳನ್ನು ಹಿಡಿದು ನೋಡಿದಾಗ ಅವುಗಳ ಹೊಟ್ಟೆಯಲ್ಲೂ ಹಿಕ್ಕೆಯಲ್ಲೂ ಎಣ್ಣೆ ಸಿಕ್ಕಿತು. ನೀರಿನಲ್ಲಿ ಕಣಗಳಾಗಿ ಹರಡಿದ್ದ ಎಣ್ಣೆಯಲ್ಲಿ ಶೇ. 20ರಷ್ಟು ಈ ಹಿಕ್ಕೆಯ ರೂಪದಲ್ಲೇ ತಳಕ್ಕೆ ಹೋಗಿರಬಹುದು ಅಂತ ಅವರು 1971ರಲ್ಲಿ ಅಂದಾಜು ಕಟ್ಟಿದರು. ಒಂದು ಕಡೆಯಿಂದ ನೋಡಿದರೆ ಇದು ಕಡಲಿನ ಪೌರಕಾರ್ಮಿಕರ ಕೆಲಸ. ಆದರೆ ಗುಡಿಸಿದ ಕಸ ಹೋಗಿ ಬೀಳೋದು ತಳದಲ್ಲಿ, ಏಡಿ, ಸಿಗಡಿ, ನಂಗು ಮೀನು ಬದುಕುವ ಜಾಗದಲ್ಲಿ.

ಎರಡನೇ ದಾರಿ ಇದಕ್ಕಿಂತ ವಿಚಿತ್ರವಾದದ್ದು. ಎಣ್ಣೆ ತಾಗಿದಾಗ ಸಸ್ಯ ಪ್ಲವಕ ಮತ್ತು ಬ್ಯಾಕ್ಟೀರಿಯಾಗಳು ಅಂಟು ದ್ರವ ಸುರಿಸುತ್ತವೆ. ಸತ್ತ ಪ್ಲಾಂಕ್ಟನ್, ಹಿಕ್ಕೆ, ಮಣ್ಣಿನ ಕಣ, ಎಣ್ಣೆಯ ಹನಿ ಎಲ್ಲ ಆ ಅಂಟಿಗೆ ಸಿಕ್ಕಿ ಹತ್ತಿಯ ಉಂಡೆಯ ಹಾಗೆ ಆಗಿ ನಿಧಾನಕ್ಕೆ ಕೆಳಗಿಳಿಯುತ್ತವೆ. ಇದಕ್ಕೆ ವಿಜ್ಞಾನಿಗಳು ಮರೀನ್ ಸ್ನೋ ಅಂತಾರೆ, ಕಡಲೊಳಗಿನ ಹಿಮಪಾತ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಬಿಪಿ ಕಂಪನಿಯ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಸ್ಫೋಟಗೊಂಡು 11 ಕಾರ್ಮಿಕರು ಸತ್ತರು. 87 ದಿನ ಎಣ್ಣೆ ಹರಿಯಿತು. ಆಗ ಈ ಎಣ್ಣೆಹಿಮ ದೊಡ್ಡ ಪ್ರಮಾಣದಲ್ಲಿ ಬಿದ್ದದ್ದನ್ನು ವಿಜ್ಞಾನಿಗಳು ದಾಖಲಿಸಿದರು. ಬಾವಿಯಿಂದ 11 ಕಿಲೋಮೀಟರ್ ದೂರದಲ್ಲಿ, ಬಿಸಿಲೇ ತಲುಪದ ಆಳದಲ್ಲಿದ್ದ ಹವಳಗಳ ಮೇಲೆ ಕಂದು ಬಣ್ಣದ ಹೊದಿಕೆ ಸಿಕ್ಕಿತು. ತಳದಲ್ಲಿ ಎಣ್ಣೆಯ ಗುರುತು ಸುಮಾರು 3,200 ಚದರ ಕಿಲೋಮೀಟರ್ ಹರಡಿತ್ತು ಅಂತ 2014ರ ಒಂದು ಅಧ್ಯಯನ ಹೇಳಿತು. ಬೆಂಗಳೂರು ನಗರ ಜಿಲ್ಲೆಗಿಂತ ದೊಡ್ಡ ಪ್ರದೇಶ ಇದು.

ಮೂರನೆಯದು ವಿಷ. ಕಚ್ಚಾ ತೈಲ, ಫರ್ನೇಸ್ ಆಯಿಲ್‌ಗಳಲ್ಲಿ ನ್ಯಾಫ್ತಲಿನ್, ಫ್ಲೂರೀನ್, ಪೈರೀನ್‌ನಂಥ ಪಿಎಎಚ್ ರಾಸಾಯನಿಕಗಳಿರುತ್ತವೆ. ಇವುಗಳಲ್ಲಿ ಕೆಲವು ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಇನ್ನಷ್ಟು ವಿಷವಾಗುತ್ತವೆ. ಮೀನಿಗೆ ಚರ್ಮ, ಹುರುಪೆ ಇದೆ. ಪ್ಲಾಂಕ್ಟನ್‌ಗಳ ದೇಹ ಗಾಜಿನ ಹಾಗೆ ಪಾರದರ್ಶಕ, ಕಿರಣ ನೇರ ಒಳಗೆ ಹೋಗುತ್ತೆ. ಮೀನಿನ ಮೊಟ್ಟೆಯೊಳಗೆ ಆಗಷ್ಟೇ ಬಡಿಯಲು ಶುರುಮಾಡಿದ ಹೃದಯದ ಆಕಾರವನ್ನೇ ಪಿಎಎಚ್ ಕೆಡಿಸುತ್ತೆ ಅನ್ನೋದು ಅಲಾಸ್ಕಾದ ಎಕ್ಸಾನ್ ವಾಲ್ಡೀಜ್ ಸೋರಿಕೆಯ ನಂತರದ ಹೆರಿಂಗ್ ಮೀನಿನ ಅಧ್ಯಯನಗಳಲ್ಲಿ, ಮೆಕ್ಸಿಕೋ ಕೊಲ್ಲಿಯ ನಂತರದ ಟ್ಯೂನಾ ಅಧ್ಯಯನಗಳಲ್ಲಿ ಗೊತ್ತಾಗಿದೆ. ಅಂಥ ಮರಿ ಆ ದಿನ ಸಾಯದೇ ಇರಬಹುದು. ಆದರೆ ಈಜೋಕಾಗದೆ, ತಪ್ಪಿಸಿಕೊಳ್ಳೋಕಾಗದೆ ಆಮೇಲೆ ಯಾವತ್ತೋ ಸಾಯುತ್ತೆ. ತೀರಕ್ಕೆ ಹೆಣ ಬರಲ್ಲ, ಪಂಚನಾಮೆಯೂ ಆಗಲ್ಲ.

ಕಣ್ಣಿಗೆ ಕಾಣದಂತೆ ಮಾಡುವ ಮದ್ದು

ಎಣ್ಣೆ ಸೋರಿದ ಕೂಡಲೇ ವಿಮಾನ, ಹಡಗುಗಳಿಂದ ಡಿಸ್ಪರ್ಸೆಂಟ್ ಎಂಬ ದ್ರಾವಣ ಸಿಂಪಡಿಸೋದನ್ನು ನೋಡಿರುತ್ತೀರಿ. ಎಲ್ಸಾ 3ರ ವಿಷಯದಲ್ಲಿ ನಮ್ಮ ಕೋಸ್ಟ್ ಗಾರ್ಡ್ ಕೂಡ ಬಳಸಿತು. ಪಾತ್ರೆ ತೊಳೆಯುವ ಸೋಪು ಜಿಡ್ಡನ್ನು ಹೇಗೆ ಒಡೆಯುತ್ತೋ ಹಾಗೇ ಇದು ಎಣ್ಣೆಯ ಪದರವನ್ನು ಸಣ್ಣ ಹನಿಗಳಾಗಿ ಒಡೆಯುತ್ತೆ. ಪದರ ತೀರಕ್ಕೆ ಬಂದು ಕಾಂಡ್ಲಾ ಕಾಡಿಗೆ, ಅಳಿವೆಗೆ, ಕಡಲ ಹಕ್ಕಿಗಳಿಗೆ ಅಂಟಿಕೊಳ್ಳೋದು ತಪ್ಪುತ್ತೆ. ಸಣ್ಣ ಹನಿಯನ್ನು ಬ್ಯಾಕ್ಟೀರಿಯಾ ಬೇಗ ಕರಗಿಸಬಹುದು ಅನ್ನೋದು ಇದರ ಹಿಂದಿನ ತರ್ಕ. ಇದು ಪೂರ್ತಿ ಸುಳ್ಳಲ್ಲ.

ಆದರೆ ಸಣ್ಣ ಹನಿ ಅಂದರೆ ಪ್ಲಾಂಕ್ಟನ್‌ನ ಬಾಯಿಗೆ ಹೊಂದುವ ಹನಿ. ಮೇಲಿದ್ದ ಎಣ್ಣೆಯನ್ನು ನಾವೇ ತುತ್ತು ಮಾಡಿ ಕೊಟ್ಟ ಹಾಗೆ. 1967ರಲ್ಲಿ ಇಂಗ್ಲೆಂಡಿನ ಬಳಿ ಟೋರಿ ಕ್ಯಾನ್ಯನ್ ಟ್ಯಾಂಕರ್ ಒಡೆದಾಗ ಸುರಿದ ಡಿಟರ್ಜೆಂಟ್ ತೀರದ ಜೀವಿಗಳಿಗೆ ಎಣ್ಣೆಗಿಂತ ಹೆಚ್ಚು ಹಾನಿ ಮಾಡಿತು. ಆಮೇಲೆ ಬಂದ ದ್ರಾವಣಗಳು ಅಷ್ಟು ಕ್ರೂರವಾಗಿಲ್ಲ. ಆದರೂ ಮೆಕ್ಸಿಕೋ ಕೊಲ್ಲಿಗೆ ಸುಮಾರು 70 ಲಕ್ಷ ಲೀಟರ್ ಸುರಿದ ಮೇಲೆ, ಅಲ್ಲಿ ಬಳಸಿದ ದ್ರಾವಣವನ್ನು ಎಣ್ಣೆಯ ಜತೆ ಬೆರೆಸಿ ರೋಟಿಫರ್ ಎಂಬ ಪ್ರಾಣಿ ಪ್ಲವಕದ ಮೇಲೆ ಪರೀಕ್ಷಿಸಿದವರಿಗೆ ಮಿಶ್ರಣದ ವಿಷ 52 ಪಟ್ಟಿನವರೆಗೂ ಹೆಚ್ಚಾಗೋದು ಕಂಡಿತು. ಅದು ಪ್ರಯೋಗಾಲಯದ ಫಲಿತಾಂಶ, ತೆರೆದ ಕಡಲಿನಲ್ಲಿ ನೀರು ಹೆಚ್ಚಾದಂತೆ ವಿಷ ತೆಳುವಾಗುತ್ತೆ ಅಂತ ವಾದಿಸುವವರಿದ್ದಾರೆ. ವಾದ ಇರಲಿ.

ಡಿಸ್ಪರ್ಸೆಂಟ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಅದನ್ನು ಸುರಿಯೋದು ಒಂದು ಆಯ್ಕೆ, ಹಾನಿಯನ್ನು ತೀರದಿಂದ ನೀರಿನೊಳಕ್ಕೆ ತಳ್ಳುವ ಆಯ್ಕೆ. ತೀರದಲ್ಲಿ ರೆಸಾರ್ಟ್ ಇದೆ, ಟಿವಿ ಕ್ಯಾಮೆರಾ ಇದೆ. ನೀರಿನೊಳಗೆ ಬೂತಾಯಿಯ ಮರಿ ಇದೆ. ಈ ಆಯ್ಕೆ ಮಾಡುವವರು ಎಷ್ಟು, ಎಲ್ಲಿ, ಯಾವ ಆಳದ ನೀರಿಗೆ ಸುರಿದೆವು ಅಂತ ಮೀನುಗಾರರಿಗೆ ಲೆಕ್ಕ ಒಪ್ಪಿಸಬೇಕೋ ಬೇಡವೋ?

'ಕಡಲೇ ಅರಗಿಸಿಕೊಳ್ಳುತ್ತೆ' ಎಂಬ ಸಮಾಧಾನ

ಕಂಪನಿಗಳ ಪರ ವಾದಿಸುವವರು ವಿಜ್ಞಾನವನ್ನೇ ಹಿಡಿದುಕೊಂಡು ಬರ್ತಾರೆ. ಆ ವಾದವನ್ನು ತಳ್ಳಿಹಾಕದೆ ಕೇಳಿಸಿಕೊಳ್ಳೋಣ.

ಒಂದನೆಯದು, ಕಡಲಿನಲ್ಲಿ ಎಣ್ಣೆಯನ್ನೇ ಊಟ ಮಾಡುವ ಅಲ್ಕನಿವೊರಾಕ್ಸ್‌ನಂಥ ಬ್ಯಾಕ್ಟೀರಿಯಾಗಳಿವೆ. ನಿಜ. ಎರಡನೆಯದು, ಪ್ಲಾಂಕ್ಟನ್‌ಗಳೇ ಹೈಡ್ರೋಕಾರ್ಬನ್ ತಯಾರಿಸುತ್ತವೆ. ಇದೂ ನಿಜ. ಪ್ರೊಕ್ಲೊರೊಕಾಕಸ್, ಸೈನೆಕೊಕಾಕಸ್ ಎಂಬ ಅತಿ ಸಣ್ಣ ಸೈನೋಬ್ಯಾಕ್ಟೀರಿಯಾಗಳು ವರ್ಷಕ್ಕೆ 30ರಿಂದ 77 ಕೋಟಿ ಟನ್ ಹೈಡ್ರೋಕಾರ್ಬನ್ ತಯಾರಿಸುತ್ತವೆ ಅಂತ 2015ರ ಅಧ್ಯಯನವೊಂದು ಅಂದಾಜಿಸಿದೆ. ಹಡಗು, ಬಾವಿಗಳಿಂದ ಸೋರುವ ಎಣ್ಣೆ ಅದರ ಮುಂದೆ ಏನೂ ಅಲ್ಲ. ಮೂರನೆಯದು, ಸಸ್ಯ ಪ್ಲವಕ ದಿನಕ್ಕೊಮ್ಮೆ ಎರಡಾಗಬಲ್ಲದು, ಹಾಗಾಗಿ ಬೇಗ ಚೇತರಿಸಿಕೊಳ್ಳುತ್ತೆ. ಮೆಕ್ಸಿಕೋ ಕೊಲ್ಲಿಯ ಕೆಲವು ಕಡೆ ಪ್ರಾಣಿ ಪ್ಲವಕದ ಸಂಖ್ಯೆ ತಿಂಗಳುಗಳಲ್ಲೇ ಮೊದಲಿನಂತಾದದ್ದೂ ದಾಖಲಾಗಿದೆ.

ಹಾಗಾದ್ರೆ ಸಮಸ್ಯೆ ಏನು? ಸೈನೋಬ್ಯಾಕ್ಟೀರಿಯಾ ತಯಾರಿಸೋದು ಸರಳ ಹೈಡ್ರೋಕಾರ್ಬನ್. ಅದು ಇಡೀ ಸಾಗರದಲ್ಲಿ ಹನಿಹನಿಯಾಗಿ ಹುಟ್ಟಿ ಬೇಗನೇ ಬ್ಯಾಕ್ಟೀರಿಯಾಗಳ ಹೊಟ್ಟೆ ಸೇರುತ್ತೆ, ಅದರಲ್ಲಿ ಫರ್ನೇಸ್ ಆಯಿಲ್‌ನ ಪಿಎಎಚ್ ಇರಲ್ಲ. ಊರಿಗೆಲ್ಲ ವರ್ಷವಿಡೀ ಬೀಳುವ ಮಳೆಯನ್ನು ತೋರಿಸಿ, ಒಂದು ಮನೆಗೆ ನುಗ್ಗಿದ ಚರಂಡಿ ನೀರನ್ನು ಸಣ್ಣದು ಅನ್ನೋಕಾಗುತ್ತಾ?

ಸಂಖ್ಯೆ ವಾಪಸ್ ಬಂತು ಅಂದ ಮಾತ್ರಕ್ಕೆ ಕಡಲು ವಾಪಸ್ ಬಂತು ಅಂತಲೂ ಅಲ್ಲ. ಮೆಕ್ಸಿಕೋ ಕೊಲ್ಲಿಯ ಪ್ರಾಣಿ ಪ್ಲವಕದ ದೇಹದ ಇಂಗಾಲವನ್ನು ಪರೀಕ್ಷಿಸಿದಾಗ, ಸೋರಿದ ಎಣ್ಣೆಯ ಇಂಗಾಲ ಆಹಾರ ಸರಪಳಿಯೊಳಗೆ ಸೇರಿಕೊಂಡ ಗುರುತು ಸಿಕ್ಕಿತ್ತು. ಇದಕ್ಕಿಂತ ಮುಖ್ಯವಾದದ್ದು ಹೊತ್ತು. ಡಯಾಟಮ್ ಹದಿನೈದು ದಿನದಲ್ಲಿ ಚೇತರಿಸಿಕೊಳ್ಳಬಹುದು, ಮೀನಿನ ಮರಿಗೆ ಹದಿನೈದು ದಿನ ಕಾಯೋಕಾಗಲ್ಲ. ಹೊಟ್ಟೆಯ ಚೀಲದಲ್ಲಿರುವ ಆಹಾರ ಖಾಲಿಯಾದ ಕೂಡಲೇ ಅದಕ್ಕೆ ಪ್ಲಾಂಕ್ಟನ್ ಬೇಕು. ಆ ವಾರ ಸಿಗದಿದ್ದರೆ ಒಂದು ತಲೆಮಾರಿನ ಮೀನೇ ಕಡಿಮೆಯಾಗುತ್ತೆ. ಅದು ಮೀನುಗಾರನಿಗೆ ಗೊತ್ತಾಗೋದು ಮುಂದಿನ ಹಂಗಾಮಿನಲ್ಲಿ ಬಲೆ ಖಾಲಿ ಬಂದಾಗ. ಅಷ್ಟರಲ್ಲಿ ಹವಾಮಾನ ಬದಲಾವಣೆ, ಅತಿ ಮೀನುಗಾರಿಕೆ ಅಂತ ಹತ್ತು ಕಾರಣ ಸಿಗುತ್ತೆ, ಎಣ್ಣೆ ಸುರಿದವರು ನುಣುಚಿಕೊಳ್ತಾರೆ.

'ಮೊದಲು' ಹೇಗಿತ್ತು?

ಕೇರಳದಲ್ಲಿ ಈ ಬಾರಿ ಒಂದು ಒಳ್ಳೆಯ ಕೆಲಸ ಆಯಿತು. ಭೂವಿಜ್ಞಾನ ಸಚಿವಾಲಯದ ಅಡಿಯಲ್ಲಿರುವ ಕೊಚ್ಚಿಯ ಸಿಎಂಎಲ್‌ಆರ್‌ಇ ಸಂಸ್ಥೆ ಜೂನ್ ತಿಂಗಳಲ್ಲೇ ಸಾಗರ ಸಂಪದ ಎಂಬ ಸಂಶೋಧನಾ ಹಡಗಿನಲ್ಲಿ ಹೋಗಿ ಮಾದರಿ ಸಂಗ್ರಹಿಸಿತು. ಪ್ರಾಣಿ ಪ್ಲವಕದೊಳಗೆ ಪಿಎಎಚ್ ಸೇರಿಕೊಂಡಿರೋದು, ಮೀನಿನ ಮೊಟ್ಟೆ-ಮರಿಗಳು ಸತ್ತು ಕೊಳೆತಿರೋದು ಅವರ ವರದಿಯಲ್ಲಿದೆ. ಆ 8,626 ಕೋಟಿಯ ಬೇಡಿಕೆಗೆ ಬಲ ಕೊಡುವ ಸಾಕ್ಷಿ ಇಂಥದ್ದೇ.

ಆದರೆ ಕೋರ್ಟಿನಲ್ಲಿ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ನೀವೇ ಊಹಿಸಬಹುದು. 'ಹಡಗು ಮುಳುಗುವ ಮೊದಲು ಇಲ್ಲಿ ಎಷ್ಟಿತ್ತು? ಹಿಂದಿನ ಜೂನ್‌ನಲ್ಲಿ? ಅದರ ಹಿಂದಿನ ಜೂನ್‌ನಲ್ಲಿ?' ಮೆಕ್ಸಿಕೋ ಕೊಲ್ಲಿಯಲ್ಲಿ ಈ ಪ್ರಶ್ನೆಗೆ ಉತ್ತರ ಇತ್ತು. ಅಲ್ಲಿ 1982ರಿಂದ ಮೀನಿನ ಮರಿ, ಪ್ಲಾಂಕ್ಟನ್ ಸಮೀಕ್ಷೆ ನಡೆದುಕೊಂಡು ಬಂದಿದೆ. ಜತೆಗೆ ಎಕ್ಸಾನ್ ವಾಲ್ಡೀಜ್ ನಂತರ 1990ರಲ್ಲಿ ಬಂದ ಕಾನೂನು, ಪ್ರಕೃತಿಗಾದ ಹಾನಿಯನ್ನು ಅಳೆದು ವಸೂಲಿ ಮಾಡುವ ದಾರಿ ಹಾಕಿಕೊಟ್ಟಿತ್ತು. 2016ರ ಒಪ್ಪಂದದಲ್ಲಿ ಬಿಪಿ ಪ್ರಕೃತಿ ಸಂಪತ್ತಿನ ಹಾನಿಗೇ 880 ಕೋಟಿ ಡಾಲರ್‌ವರೆಗೆ ಒಪ್ಪಿಕೊಂಡದ್ದು ಪಶ್ಚಾತ್ತಾಪದಿಂದಲ್ಲ. ಎದುರಿಗೆ ಕಾನೂನಿತ್ತು, ದಾಖಲೆಯಿತ್ತು.

ಈ ಬಾರಿ ನಮ್ಮ ಕಡೆಗೆ ಬರಲಿಲ್ಲ, ಅಷ್ಟೇ

ಎಲ್ಸಾ 3ರ ಕಸ ಕೊಲ್ಲಂ, ತಿರುವನಂತಪುರದ ಕಡೆ ಹೋಯಿತು, ಮಂಗಳೂರಿನ ಕಡೆ ಬರಲಿಲ್ಲ. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಅದೇ ಪ್ರವಾಹ ತಿರುಗಿ ಉತ್ತರಕ್ಕೆ ಹರಿಯುತ್ತೆ. ಇದೇ ಹಡಗು ಡಿಸೆಂಬರ್‌ನಲ್ಲಿ ಮುಳುಗಿದ್ದರೆ ಎಣ್ಣೆ ಕಾಸರಗೋಡು, ಉಳ್ಳಾಲ, ಮಲ್ಪೆಯತ್ತ ಮುಖ ಮಾಡುತ್ತಿತ್ತು. ಹಾಗೇ ಜೂನ್‌ನಲ್ಲಿ ಮಂಗಳೂರಿನ ಹತ್ತಿರ ಎಣ್ಣೆ ಸೋರಿದರೆ ಅದು ಕೇರಳದವರ ಸಮಸ್ಯೆ. ಪ್ಲಾಂಕ್ಟನ್‌ಗೆ ರಾಜ್ಯದ ಗಡಿ ಗೊತ್ತಿಲ್ಲ.

ನಮ್ಮ ಅಪಾಯ ಕಲ್ಪನೆಯದ್ದಲ್ಲ. 2022ರ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಳ್ಳಾಲದ ಬಳಿ ಮುಳುಗಿತು. 15 ಸಿರಿಯನ್ ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಪಾರುಮಾಡಿತು, ಟ್ಯಾಂಕಿನ ಇಂಧನ ಎಲ್ಲಿ ಸೋರುತ್ತೋ ಅಂತ ಕರಾವಳಿ ದಿನಗಟ್ಟಲೆ ಉಸಿರು ಬಿಗಿಹಿಡಿದಿತ್ತು. 2025ರ ಜೂನ್ 9ರಂದು, ಎಲ್ಸಾ 3 ಮುಳುಗಿ ಎರಡು ವಾರವಷ್ಟೇ ಆಗಿತ್ತು, ವಾನ್ ಹೈ 503 ಹಡಗು ಉತ್ತರ ಕೇರಳದಾಚೆ ಹೊತ್ತಿ ಉರಿಯಿತು. ಗಾಯಗೊಂಡವರನ್ನು ಕರೆತಂದದ್ದು ಮಂಗಳೂರಿಗೆ. ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ಬರೋದು ಈ ಕಡಲ ಮೇಲಿಂದಲೇ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿಯ ಪಾದೂರಿನಲ್ಲಿ 25 ಲಕ್ಷ ಟನ್ ತೈಲ ತುಂಬುವ ಸುರಂಗ ಸಂಗ್ರಹಾಗಾರಗಳಿವೆ. ಉತ್ತರ ಕನ್ನಡದಲ್ಲಿ ಹೊಸ ಬಂದರುಗಳ ವಿರುದ್ಧ ಮೀನುಗಾರರು ಬೀದಿಗಿಳಿದಿದ್ದಾರೆ.

ಇಷ್ಟೆಲ್ಲ ಇರುವಾಗ ನಮ್ಮ ಕಡಲಿನ 'ಮೊದಲಿನ' ಲೆಕ್ಕ ಎಲ್ಲಿದೆ? ಕಾರವಾರ, ಮಂಗಳೂರಿನಲ್ಲಿ ಸಿಎಂಎಫ್‌ಆರ್‌ಐ ಕೇಂದ್ರಗಳಿವೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಅಲ್ಲಿನ ವಿಜ್ಞಾನಿಗಳು ದಶಕಗಳಿಂದ ಕೆಲಸ ಮಾಡ್ತಿದ್ದಾರೆ. ಆದರೆ ಸಂಶೋಧನಾ ಪ್ರಬಂಧ ಬೇರೆ, ನಾಳೆ ಕೋರ್ಟಿನಲ್ಲಿ ಮೀನುಗಾರರ ಸಂಘ ತೆಗೆದು ಮೇಜಿನ ಮೇಲೆ ಇಡಬಹುದಾದ ತಿಂಗಳು ತಿಂಗಳ ಸಾರ್ವಜನಿಕ ದಾಖಲೆ ಬೇರೆ. ಯೋಜನೆಗಳ ಪರಿಸರ ಪರಿಣಾಮ ವರದಿಗಳನ್ನು ತೆರೆದು ನೋಡಿ. ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಂಗ್ರಹಿಸಿದರೆ ಸಾಕು ಅನ್ನೋದು ರೂಢಿ. ಪ್ಲಾಂಕ್ಟನ್ ಸಮೃದ್ಧವಾಗಿರೋದೇ ಮಳೆಗಾಲದಲ್ಲಿ! ಅಡುಗೆಮನೆಗೆ ಬೀಗ ಹಾಕಿದ್ದಾಗ ಬಂದು ನೋಡಿ, ಈ ಮನೆಯಲ್ಲಿ ಅಡುಗೆಯೇ ಇಲ್ಲ ಅಂತ ಬರೆದುಕೊಂಡು ಹೋದ ಹಾಗಾಯ್ತು.

ಕೇಳಬೇಕಾದ್ದು ಇಷ್ಟು

ಇದು ದುಬಾರಿ ಕೆಲಸ ಅಂತ ಯಾರಾದರೂ ಹೇಳಿದರೆ ಅವರಿಗೆ ಒಂದು ಉದಾಹರಣೆ ಕೊಡಿ. 1931ರಿಂದ ಬ್ರಿಟನ್ನಿನಲ್ಲಿ ಒಂದು ಸಮೀಕ್ಷೆ ನಡೆಯುತ್ತಿದೆ. ಆಲಿಸ್ಟರ್ ಹಾರ್ಡಿ ಎಂಬ ವಿಜ್ಞಾನಿ ರೂಪಿಸಿದ ಒಂದು ಉಪಕರಣವನ್ನು ಸಾಮಾನ್ಯ ಸರಕು ಹಡಗುಗಳ ಹಿಂದೆ ಕಟ್ಟಿ ಎಳೆಸುತ್ತಾರೆ. ಒಳಗಿನ ರೇಷ್ಮೆ ಬಟ್ಟೆಯಲ್ಲಿ ದಾರಿಯುದ್ದದ ಪ್ಲಾಂಕ್ಟನ್ ಸಿಕ್ಕಿಕೊಳ್ಳುತ್ತೆ. ಅಟ್ಲಾಂಟಿಕ್‌ನ ಪ್ಲಾಂಕ್ಟನ್ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಇದರಿಂದಲೇ ಬಂದದ್ದು. ನಮ್ಮ ಕಡಲಿನಲ್ಲಿ ಲಾಭ ಮಾಡಿಕೊಂಡು ಹಾದುಹೋಗುವ ಹಡಗುಗಳಿಗೆ ಇಷ್ಟು ಕೆಲಸ ಹೇಳೋಕೆ ಸರ್ಕಾರಕ್ಕೆ ಆಗಲ್ವಾ?

ಹಾಗಾಗಿ ನನ್ನ ಪ್ರಕಾರ ನಾವು ಕೇಳಬೇಕಾದದ್ದು ನಾಲ್ಕು. ಕಾರವಾರ, ಮಲ್ಪೆ, ಮಂಗಳೂರಿನಲ್ಲಿ ನಿಗದಿತ ಜಾಗಗಳಲ್ಲಿ, ಮಳೆಗಾಲವೂ ಸೇರಿ ಪ್ರತಿ ತಿಂಗಳು ಪ್ಲಾಂಕ್ಟನ್ ಮತ್ತು ಪಿಎಎಚ್ ಮಾಪನ ಆಗಬೇಕು, ಫಲಿತಾಂಶ ಕನ್ನಡದಲ್ಲಿ ಸಾರ್ವಜನಿಕವಾಗಿ ಸಿಗಬೇಕು. ಬಂದರು, ತೈಲ ಯೋಜನೆಗಳ ವರದಿಯಲ್ಲಿ ಮುಂಗಾರಿನ ಮಾಹಿತಿ ಕಡ್ಡಾಯವಾಗಬೇಕು. ಡಿಸ್ಪರ್ಸೆಂಟ್ ಎಲ್ಲಿ, ಎಷ್ಟು ಸುರಿದರು ಅನ್ನೋದು ಅದೇ ವಾರ ಬಹಿರಂಗವಾಗಬೇಕು. ಮಾದರಿ ಸಂಗ್ರಹಿಸುವ ಕೆಲಸದಲ್ಲಿ ಮೀನುಗಾರರಿಗೆ ಕೂಲಿ ಕೊಟ್ಟು ಪಾಲು ಕೊಡಬೇಕು, ದೋಣಿಯೂ ಅವರದ್ದು, ಕಡಲಿನ ತಿಳಿವಳಿಕೆಯೂ ಅವರದ್ದು.

2017ರ ಜನವರಿಯಲ್ಲಿ ಚೆನ್ನೈನ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಜನ ಬಕೆಟ್ಟಿನಲ್ಲಿ ಎಣ್ಣೆ ಬಳಿದರು. ಆ ಚಿತ್ರ ನೋಡಿ ದೇಶ ನಾಚಿಕೊಂಡಿತು. ಬಕೆಟ್ಟಿಗೆ ಸಿಗದೆ ಕೆಳಗಿಳಿದ ಎಣ್ಣೆಯ ಬಗ್ಗೆ ಯಾರೂ ನಾಚಿಕೊಳ್ಳಲಿಲ್ಲ, ಯಾಕಂದ್ರೆ ಅದರ ಚಿತ್ರ ಇರಲಿಲ್ಲ. ಮುಂದಿನ ಹಡಗು ಯಾವಾಗ ಮುಳುಗುತ್ತೆ ಅಂತ ಹೇಳೋಕಾಗಲ್ಲ. ಮುಳುಗಿದ ದಿನ ನಮ್ಮ ಮೀನುಗಾರರ ಕೈಯಲ್ಲಿ ಹಿಂದಿನ ಹತ್ತು ಜೂನ್‌ಗಳ ಲೆಕ್ಕ ಇರಬೇಕು. ಇಲ್ಲದಿದ್ದರೆ ಕಂಪನಿಯ ವಕೀಲರು ಸಾವಿರಾರು ಕೋಟಿ ಉಳಿಸಿಕೊಳ್ತಾರೆ, ನಮ್ಮವರಿಗೆ ಸಿಗೋದು ಅದೇ ಸಾವಿರ ರೂಪಾಯಿ, ಆರು ಕೆಜಿ ಅಕ್ಕಿ.